ಕಾವೇರಿ ಡೆಲ್ಟಾದಲ್ಲಿ ಸೈಕಲ್ ಟೂರ್‌ಗೆ ಯಾವ ರೂಟ್ ಒಳ್ಳೇದು? ತಿರುಚಿಯಿಂದ ಸಮುದ್ರದ ತನಕ ನಾಲ್ಕೈದು ದಿನದಲ್ಲಿ ಆಗುತ್ತಾ?

ಆಗುತ್ತೆ, ಆರಾಮಾಗಿ ಆಗುತ್ತೆ. ನಾನು ಎರಡು ಸಲ ಹೋಗಿ ಬಂದಿದೀನಿ, ಒಂದ್ಸಲ ಆಗಸ್ಟಲ್ಲಿ, ಇನ್ನೊಂದ್ಸಲ ಜನವರೀಲಿ. ಯಾವ ರೂಟು, ಯಾವ ತಿಂಗಳು, ಕರ್ನಾಟಕದವರು ಅಂತ ಗೊತ್ತಾದ್ರೆ ಅಲ್ಲಿ ಏನಾದ್ರೂ ಕಿರಿಕಿರಿ ಆಗುತ್ತಾ ಅಂತ ಕೇಳಿದೀರಲ್ಲ, ಮೂರಕ್ಕೂ ನಂಗೆ ಗೊತ್ತಿರೋಷ್ಟು ಹೇಳ್ತೀನಿ.

ಮೊದ್ಲು ರೂಟು. ಮ್ಯಾಪಲ್ಲಿ ತಂಜಾವೂರು ಅಂತ ಹಾಕಿದ್ರೆ ಸೀದಾ ತಿರುಚಿ-ತಂಜಾವೂರು ಹೈವೇಗೆ ಹತ್ತಿಸುತ್ತೆ, ಆ ಕಡೆ ಹೋಗ್ಲೇಬೇಡಿ, ಲಾರಿ ಬಸ್ಸು ಬಿಟ್ರೆ ಅಲ್ಲಿ ನೋಡೋಕೆ ಏನಿಲ್ಲ, ನದಿಯಂತೂ ಕಣ್ಣಿಗೇ ಬೀಳಲ್ಲ. ನಿಮಗೆ ಬೇಕಿರೋದು ಕಲ್ಲಣೈ-ಪೂಂಪುಹಾರ್ ರಸ್ತೆ, ಸ್ಟೇಟ್ ಹೈವೇ 22, ಪೂಂಪುಹಾರ್ ಅಂದ್ರೆ ಕಾವೇರಿ ಸಮುದ್ರ ಸೇರೋ ಊರು. ಹೆಸರಿಗೆ ಹೈವೇ, ಆದ್ರೆ ತುಂಬಾ ಕಡೆ ನಮ್ಮ ಮಂಡ್ಯದ ನಾಲೆ ಏರಿ ಮೇಲಿನ ರಸ್ತೆ ಥರಾನೇ ಇದೆ, ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಬಾಳೆ ತೋಟ ಇಲ್ಲ ಗದ್ದೆ. ತಿರುಚಿಯಿಂದ ಸಮುದ್ರಕ್ಕೆ ಹೀಗೆ ಹೋದ್ರೆ ಸುಮಾರು 160 ಕಿಲೋಮೀಟರ್ ಆಗುತ್ತೆ. ತಿರುಚಿ ಇರೋದೇ ಸಮುದ್ರ ಮಟ್ಟಕ್ಕಿಂತ 80 ಮೀಟರ್ ಚಿಲ್ಲರೆ ಎತ್ತರದಲ್ಲಿ, ಅಂದ್ಮೇಲೆ ಏರು ಅನ್ನೋದೇ ಇಲ್ಲ, ಸೇತುವೆ ಹತ್ತೋದೇ ದೊಡ್ಡ ಏರು. ಗೇರ್ ಇಲ್ದಿರೋ ಸೈಕಲ್ ಆದ್ರೂ ನಡಿಯುತ್ತೆ, ಟಯರ್ ಮಾತ್ರ ಸ್ವಲ್ಪ ದಪ್ಪ ಇರ್ಲಿ, 35 ಮಿಲಿಮೀಟರ್ ಆದ್ರೆ ಒಳ್ಳೇದು.

ಮೈಸೂರಿಂದ ಬೆಂಗಳೂರು ಮೇಲೆ ಮಯಿಲಾಡುತುರೈ ಕಡೆ ಹೋಗೋ ರಾತ್ರಿ ರೈಲಿದೆ, ಬೆಳಗಿನ ಜಾವಕ್ಕೆ ತಿರುಚಿ ಮುಟ್ಟಿಸುತ್ತೆ. ಸೈಕಲ್‌ನ ಪಾರ್ಸೆಲ್ ಆಫೀಸಲ್ಲಿ ಲಗೇಜ್ ಅಂತ ಬುಕ್ ಮಾಡಿಸಿ, ಎರಡು ಗಂಟೆ ಮುಂಚೆನೇ ಹೋಗಿ, ಹ್ಯಾಂಡಲ್‌ಗೂ ಗೇರ್ ಬದಲಿಸೋ ಡಿರೈಲರ್‌ಗೂ ಹಳೇ ಬಟ್ಟೆ ಸುತ್ತಿ. ಇಳಿಯೋದು ತಿರುಚೀಲೇ ಇಳೀರಿ, ಸಣ್ಣ ಸ್ಟೇಷನ್‌ಗಳಲ್ಲಿ ರೈಲು ಎರಡು ನಿಮಿಷ ನಿಂತ್ರೆ ಲಗೇಜ್ ವ್ಯಾನಿಂದ ಸೈಕಲ್ ಇಳಿಸಿಕೊಳ್ಳೋದು ಕಷ್ಟ.

ಅಲ್ಲಿಂದ ಕಾವೇರಿ ಸೇತುವೆ ದಾಟಿ ಶ್ರೀರಂಗಂ, ತಿರುವಾನೈಕಾವಲ್, ಆಮೇಲೆ ಕಾವೇರಿಗೂ ಅದರ ಉತ್ತರದ ಕವಲು ಕೊಳ್ಳಿಡಂಗೂ ಮಧ್ಯೆ ಇರೋ ನೆಲದ ಪಟ್ಟಿ ಮೇಲೆ ಕಲ್ಲಣೈ ತನಕ, ಹತ್ರ ಹತ್ರ 20 ಕಿಲೋಮೀಟರ್. ಬೆಳಿಗ್ಗೆ ಆರಕ್ಕೇ ಹೊರಟುಬಿಡಿ. ಕಲ್ಲಣೈ ಅಂದ್ರೆ ಕಲ್ಲಿನ ಅಣೆ, ನಮಗೆ ಅರ್ಥ ಹೇಳ್ಕೊಡೋದೇ ಬೇಡ. ಕರಿಕಾಲ ಚೋಳ ಕಟ್ಟಿಸಿದ್ದು, ಹತ್ರ ಹತ್ರ ಎರಡು ಸಾವಿರ ವರ್ಷ ಹಿಂದಿನದ್ದು. ಮರಳಿನ ಮೇಲೆ ಒರಟು ಕಲ್ಲು ಕೂರಿಸಿ ಕಟ್ಟಿದ್ದು ಇಷ್ಟು ಕಾಲ ಹೇಗೆ ನಿಂತಿದೆ ಅಂತ 1830ರ ದಶಕದಲ್ಲಿ ಆರ್ಥರ್ ಕಾಟನ್ ಇದನ್ನ ಕೂತು ನೋಡಿ ಕಲ್ತು, ಆಮೇಲೆ ಅದೇ ಪಾಠ ಇಟ್ಕೊಂಡು ಗೋದಾವರಿಗೆ ಧವಳೇಶ್ವರದಲ್ಲಿ ಅಣೆ ಕಟ್ಟಿದ. ಇಲ್ಲಿ ಒಂದು ಗಂಟೆನಾದ್ರೂ ನಿಲ್ಲಿ, ಯಾಕಂದ್ರೆ ಮುಂದಿನ ಮೂರು ದಿನ ನೀವು ನೋಡೋದೆಲ್ಲ ಶುರುವಾಗೋದೇ ಇಲ್ಲಿಂದ. ಒಂದೇ ನೀರು, ಕಾವೇರಿ, ವೆಣ್ಣಾರು, ಕಲ್ಲಣೈ ಕಾಲುವೆ ಅಂತ ಹಂಚಿಹೋಗುತ್ತೆ, ಪ್ರವಾಹ ಬಂದ್ರೆ ಮಿಕ್ಕಿದ್ದೆಲ್ಲ ಕೊಳ್ಳಿಡಂಗೆ. ಕಾಲುವೆ ಒಂದು ಮಾತ್ರ ಮೆಟ್ಟೂರು ಅಣೆಕಟ್ಟಿನ ಕಾಲದ್ದು, 1934ರದ್ದು.

ನಾವು ಚಿಕ್ಕೋರಿದ್ದಾಗಿಂದ ಕಲ್ತಿದ್ದು ನದಿ ಮುಂದೆ ಹೋದ ಹಾಗೆ ದೊಡ್ಡದಾಗುತ್ತೆ ಅಂತ ತಾನೇ, ಹೇಮಾವತಿ ಸೇರಿತು, ಕಪಿಲೆ ಸೇರಿತು ಅಂತ. ಇಲ್ಲಿ ಉಲ್ಟಾ. ತಿರುಚಿ ಸೇತುವೆ ಹತ್ರ ಅರ್ಧ ಕಿಲೋಮೀಟರ್ ಅಗಲ ಇರೋಳು, ತಿರುವೈಯಾರಲ್ಲಿ ಸಣ್ಣಗಾಗ್ತಾಳೆ, ಕುಂಭಕೋಣದಲ್ಲಿ ಇನ್ನೂ ಸಣ್ಣ, ಮಯಿಲಾಡುತುರೈ ದಾಟಿದ್ಮೇಲೆ ನಮ್ಮ ವಿಶ್ವೇಶ್ವರಯ್ಯ ನಾಲೆ ನೋಡ್ತಿದೀನೇನೋ ಅನ್ಸುತ್ತೆ. ಹತ್ತಿಪ್ಪತ್ತು ಕಿಲೋಮೀಟರ್‌ಗೊಂದು ರೆಗ್ಯುಲೇಟರ್, ಅಂದ್ರೆ ನೀರು ಹಂಚೋ ಶಟರ್ ಇರೋ ಕಟ್ಟೆ, ಅಲ್ಲೊಂದು ಕವಲು, ಅದಕ್ಕೊಂದು ಹೆಸರು, ಕುಡಮುರುಟ್ಟಿ, ಅರಸಲಾರು ಅಂತ. ಕಾರಲ್ಲಿ ಹೋದ್ರೆ ಇದು ಬರೀ ಹತ್ತಾರು ಸೇತುವೆ, ಸೈಕಲಲ್ಲಿ ಆದ್ರೆ ಪ್ರತಿ ಕವಲಿಗೂ ಅವಳು ಎಷ್ಟು ಕಮ್ಮಿ ಆದ್ಲು ಅಂತ ಕಣ್ಣಿಗೇ ಕಾಣುತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಲಿಸ್ಟ್ ಇಟ್ಕೊಂಡು ದೇವಸ್ಥಾನ ಎಣಿಸ್ತಾ ಹೋಗ್ಬೇಡಿ, ಒಂದು ನದಿ ಹಿಡ್ಕೊಂಡು ಅದು ಮುಗಿಯೋ ತನಕ ಹೋಗಿ.

ಮೊದಲ ರಾತ್ರಿ ತಿರುವೈಯಾರು, ತಿರುಚಿಯಿಂದ 55-60 ಕಿಲೋಮೀಟರ್. ರೂಮ್ ಸಿಗ್ಲಿಲ್ಲ ಅಂದ್ರೆ 13 ಕಿಲೋಮೀಟರ್ ದೂರದಲ್ಲೇ ತಂಜಾವೂರಿದೆ. ನದಿ ದಡದಲ್ಲಿ ತ್ಯಾಗರಾಜರ ಸಮಾಧಿ ಇದೆ, ಎಲ್ಲರಿಗೂ ಗೊತ್ತು. ಅದಕ್ಕೆ ಎದುರಾಗಿ ಬೆಂಗಳೂರು ನಾಗರತ್ನಮ್ಮನವರ ಸಮಾಧಿ ಇದೆ, ಕೈ ಮುಗಿದು ಕೂತಿರೋ ಮೂರ್ತಿ, ಮುಖ ತ್ಯಾಗರಾಜರ ಕಡೆಗೆ. ನಂಜನಗೂಡಲ್ಲಿ 1878ರಲ್ಲಿ ಹುಟ್ಟಿದ ಹೆಣ್ಣುಮಗಳು, ಹಾಡಿ ಸಂಪಾದಿಸಿದ್ದನ್ನೂ ಒಡವೆನೂ ಸುರಿದು ಇಲ್ಲಿ ಗುಡಿ ಕಟ್ಟಿಸಿದ್ರು, ಆರಾಧನೇಲಿ ಹೆಂಗಸರು ಹಾಡೋ ಹಾಗಿಲ್ಲ ಅಂತಿದ್ದ ಕಾಲದಲ್ಲಿ ಹಾಡ್ತೀವಿ ಅಂತ ನಿಂತ್ರು, 1952ರಲ್ಲಿ ತೀರ್ಕೊಂಡ್ರು. ಕಪಿಲೆ ದಡದಲ್ಲಿ ಹುಟ್ಟಿದೋರು, ಅದೇ ನೀರು ಹರಿದು ಬರೋ ಜಾಗದಲ್ಲೇ ಮಲಗಿದಾರೆ. ಸಾಯಂಕಾಲ ಆರು ಗಂಟೆಗೆ ಅಲ್ಲಿ ನಾನೊಬ್ನೇ ಇದ್ದೆ, ಬೆವರು ಬಟ್ಟೇಲೇ ಕೂತ್ಕೊಂಡೆ, ಎದ್ದು ಬರೋಕೆ ಮನಸ್ಸೇ ಬರ್ಲಿಲ್ಲ.

ಎರಡನೇ ದಿನ ಕುಂಭಕೋಣ, 35 ಕಿಲೋಮೀಟರ್ ಒಳಗೆ. ದಾರೀಲಿ ಸ್ವಾಮಿಮಲೈಯಲ್ಲಿ ಮೇಣದ ಅಚ್ಚಿಗೆ ಕಾವೇರಿ ಮೆಕ್ಕಲು ಮಣ್ಣು ಮೆತ್ತಿ ಕಂಚಿನ ವಿಗ್ರಹ ಎರಕ ಹೊಯ್ಯೋದನ್ನ ನೋಡಿ, ಕುಂಭಕೋಣದ ಪಕ್ಕದಲ್ಲೇ ದಾರಾಸುರಂ ದೇವಸ್ಥಾನ ಇದೆ, ದೇವಸ್ಥಾನ ಎಣಿಸ್ಬೇಡಿ ಅಂದ್ರೂ ಇದೊಂದನ್ನ ಬಿಡ್ಬೇಡಿ. ಕಾಫಿ ಬಗ್ಗೆ ನಾನು ಹೇಳೋದೇ ಬೇಡ.

ಈಗ ಯಾವ ತಿಂಗಳು. ರೂಢಿ ಪ್ರಕಾರ ಮೆಟ್ಟೂರಿಂದ ನೀರು ಬಿಡೋದು ಜೂನ್ 12ಕ್ಕೆ, ನಿಲ್ಸೋದು ಜನವರಿ 28ಕ್ಕೆ, ಮಳೆ ಕೈಕೊಟ್ಟ ವರ್ಷ ಹಿಂದೆ ಮುಂದೆ ಆಗುತ್ತೆ. ಫೆಬ್ರವರಿ ಆಮೇಲೆ ಹೋದ್ರೆ ಬರೀ ಮರಳು ನೋಡ್ಕೊಂಡು ಬರ್ತೀರ. ಅಕ್ಟೋಬರಿಂದ ಡಿಸೆಂಬರ್ ಮಧ್ಯದ ತನಕ ಹಿಂಗಾರು, ಸೈಕ್ಲೋನ್, ಬೇಡ (2018ರ ನವೆಂಬರಲ್ಲಿ ಗಜ ಹೊಡೆದಿದ್ದು ಇದೇ ಕರಾವಳಿಗೆ). ಆಗಸ್ಟಲ್ಲಿ ನದಿ ತುಂಬಿರುತ್ತೆ, ಬೆಳಿಗ್ಗೆ ಗಾಳಿ ಪಶ್ಚಿಮದಿಂದ ಬಂದು ಬೆನ್ನಿಗೆ ತಳ್ಳುತ್ತೆ, ಆದ್ರೆ ಹತ್ತು ಗಂಟೆ ಆದ್ಮೇಲೆ ಬಿಸಿಲು ತಲೆ ಸುಡುತ್ತೆ. ಜನವರೀಲಿ ಹವಾ ಚೆನ್ನಾಗಿದೆ, ಗಾಳಿ ಮಾತ್ರ ಈಶಾನ್ಯದಿಂದ ಎದುರಿಗೇ ಬರುತ್ತೆ. ನನ್ನ ಓಟು ಜನವರಿಗೆ, ಸಂಕ್ರಾಂತಿ ಹಿಂದೆಮುಂದೆ.

ಜನವರೀಲಿ ಒಂದು ಎಚ್ಚರಿಕೆ. ಕೊಯ್ಲು ಶುರುವಾದ್ಮೇಲೆ ನಮ್ಮ ಕಡೆ ಹುರುಳಿ ರಸ್ತೆಗೆ ಹಾಕ್ತಾರಲ್ಲ, ಹಾಗೆ ಅಲ್ಲಿ ಅರ್ಧ ರಸ್ತೆ ಭತ್ತ ಒಣಗಿಸ್ತಾರೆ, ಕೆಲವು ಕಡೆ ಹುಲ್ಲೂ ಹರಡಿರ್ತಾರೆ. ಭತ್ತದ ಮೇಲೆ ಬ್ರೇಕ್ ಹಾಕಿದ್ರೆ ಜಾರುತ್ತೆ, ಮತ್ತೆ ಅದು ಅವರ ಅನ್ನ, ತುಳೀಬೇಡಿ, ಇಳಿದು ತಳ್ಕೊಂಡು ಹೋಗಿ. ನಾನು ತಿರುಕ್ಕಾಟ್ಟುಪಳ್ಳಿ ದಾಟಿದ್ಮೇಲೆ ಹುಲ್ಲಿನ ಮೇಲೆ ಸೀದಾ ಹೋಗ್ಬಿಟ್ಟೆ, ಹಸಿ ಹುಲ್ಲು ಹಗ್ಗದ ಥರ ಹಿಂದಿನ ಚಕ್ರದ ಹಲ್ಲುಗಳ ಮಧ್ಯೆ ಸುತ್ಕೊಂಡು ಚೈನು ಕಚ್ಕೊಂಡು ನಿಂತುಹೋಯ್ತು. ಪಕ್ಕದ ಗದ್ದೆಯಿಂದ ಒಬ್ಬ ಅಜ್ಜಿ ಬಂದು ಏನೂ ಕೇಳ್ದೇನೇ ಕುಡುಗೋಲು ತುದಿ ಹಾಕಿ ಒಂದೊಂದೇ ಎಳೆ ಕಿತ್ತು ತೆಗೆದ್ರು, ನಾನು ಪೆಡಲ್ ಹಿಂದಕ್ಕೆ ತಿರುಗಿಸ್ತಾ ಕೂತೆ, ಅರ್ಧ ಗಂಟೆ ಆಯ್ತು. ಕುಯ್ದ ಗದ್ದೇಲಿ ಕೂಳೆ ಮಧ್ಯೆ ಆಗ್ಲೇ ಉದ್ದು ಎರಡೆಲೆ ಬಿಟ್ಟಿತ್ತು, ಕೊಯ್ಲಿಗೆ ವಾರ ಹತ್ತು ದಿನ ಇರೋವಾಗ್ಲೇ ನಿಂತ ಪೈರಲ್ಲೇ ಬೀಜ ಎರಚ್ತಾರಂತೆ, ನೆಲದಲ್ಲಿರೋ ತೇವ ಆರೋ ಮೊದ್ಲು.

ಕರ್ನಾಟಕದವರು ಅನ್ನೋ ವಿಷ್ಯ. ನಾನು ಎಲ್ಲೂ ಮುಚ್ಚಿಡ್ಲಿಲ್ಲ. ಒಂದು ರೆಗ್ಯುಲೇಟರ್ ಹತ್ರ ಶಟರ್ ನೋಡ್ಕೊಳ್ಳೋರೊಬ್ರು ಎಲ್ಲಿಂದ ಅಂದ್ರು, ಮಂಡ್ಯ ಅಂದೆ. ಅವರು ಮೊದಲು ಕೇಳಿದ್ದು ಕೆಆರ್‌ಎಸ್‌ನಲ್ಲಿ ಎಷ್ಟಿದೆ ಅಂತ. 124.80 ಅಡಿ ಅವರಿಗೆ ಬಾಯಿಪಾಠ, ನಮ್ಮೂರಲ್ಲಿ ಬೆಳಿಗ್ಗೆ ಪೇಪರಲ್ಲಿ ನೀರಿನ ಮಟ್ಟ ನೋಡ್ತಾರಲ್ಲ, ಅವರೂ ಹಾಗೇ ಮೆಟ್ಟೂರಿನ 120 ಅಡಿ ಲೆಕ್ಕ ಹಾಕ್ತಾ ಕೂತಿರ್ತಾರೆ. ನಮ್ಮಪ್ಪನೂ ನಾಲೆಯ ಕೊನೇ ಭಾಗದ ರೈತ, ತೂಬಿಗೆ ನೀರು ಬರ್ಲಿಲ್ಲ ಅಂದ್ರೆ ಮನೇಲಿ ಹೇಗಿರುತ್ತೆ ಅಂತ ನಂಗೊತ್ತು, ನನಗೆ ಬರೋ ಹರುಕು ತಮಿಳಲ್ಲಿ ಅದನ್ನೇ ಹೇಳ್ದೆ. ಟೀ ಕುಡಿಸಿ ಕಳಿಸಿದ್ರು. ಆದ್ರೂ ನೀರಿನ ಗಲಾಟೆ ಜೋರಾಗಿರೋ ವಾರ ಹೋಗ್ಬೇಡಿ, ರಸ್ತೆ ತಡೆ ಅದೂ ಇದೂ ಇರುತ್ತೆ.

ಮೂರನೇ ದಿನ ಮಯಿಲಾಡುತುರೈ, ನಾಲ್ಕನೇ ದಿನ ಬೆಳಿಗ್ಗೆ 24 ಕಿಲೋಮೀಟರ್ ಪೂಂಪುಹಾರ್. ನಮ್ಮಲ್ಲಿ ತಲಕಾವೇರೀಲಿ ತೀರ್ಥೋದ್ಭವ ಆಗೋ ತುಲಾ ಸಂಕ್ರಮಣದಿಂದ ಮಯಿಲಾಡುತುರೈಯಲ್ಲಿ ಒಂದು ತಿಂಗಳು ತುಲಾ ಸ್ನಾನ ನಡಿಯುತ್ತೆ, ಮಳೆಗಾಲ ಅಲ್ದಿದ್ರೆ ಆಗ್ಲೇ ಹೋಗಿ ಅಂತಿದ್ದೆ. ಟೈಮ್ ಇದ್ರೆ ಪೂಂಪುಹಾರಿಂದ ದಕ್ಷಿಣಕ್ಕೆ ತರಂಗಂಬಾಡಿ ಸೇರಿಸ್ಕೊಳ್ಳಿ, 1620ರ ಡೇನಿಶ್ ಕೋಟೆ ಸಮುದ್ರದ ಮುಂದೆನೇ ಇದೆ. ಇನ್ನೂ ಎರಡು ಮೂರು ದಿನ ಇದ್ರೆ ನಾಗಪಟ್ಟಣಂ ಮೇಲೆ ವೇದಾರಣ್ಯಂ, 1930ರಲ್ಲಿ ರಾಜಾಜಿ ತಿರುಚಿಯಿಂದ ಉಪ್ಪಿನ ಸತ್ಯಾಗ್ರಹಕ್ಕೆ ನಡೆದು ಬಂದಿದ್ದು ಅಲ್ಲಿಗೇ, ಉಪ್ಪಿನ ಗದ್ದೆ ಈಗ್ಲೂ ಇದೆ.

ಪೂಂಪುಹಾರ್‌ಗೆ ಮುಂಚೆ ಮೇಲೈಯೂರಲ್ಲಿ ಕಾವೇರಿಯ ಕೊನೇ ರೆಗ್ಯುಲೇಟರ್ ಇದೆ, ನಿಂತು ನೋಡಿ. ಅದಾದ್ಮೇಲೆ ಬೀಚ್ ಕಡೆ ಹೋಗೋರೆಲ್ಲ ಸೀದಾ ಹೋಗ್ಬಿಡ್ತಾರೆ, ನೀವು ಸೈಕಲ್ ಎಲ್ಲಾದ್ರೂ ಬೀಗ ಹಾಕಿ ಮರಳಲ್ಲಿ ನಡ್ಕೊಂಡು ಸಂಗಮದ ತನಕ ಹೋಗಿ, ದೋಣಿ ಬಲೆ ಒಣಗಿಸಿರ್ತಾರೆ ಅಲ್ಲೇ ಪಕ್ಕ. ನಾನು ಹೋದಾಗ ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ ಅಷ್ಟೇ, ಬೊಗಸೇಲಿ ಎತ್ತಿ ಬಾಯಿಗೆ ಹಾಕ್ಕೊಂಡೆ, ಉಪ್ಪು. ವಾಪಸ್ ರೈಲು ಮಯಿಲಾಡುತುರೈಯಿಂದ, ಬುಕಿಂಗ್‌ಗೆ ಮಧ್ಯಾಹ್ನದೊಳಗೆ ಸ್ಟೇಷನ್ ಮುಟ್ಟೋ ಹಾಗೆ ಹೊರಡಿ, ಹೊತ್ತೇರಿದ್ಮೇಲೆ ಸಮುದ್ರದ ಗಾಳಿ ಬೆನ್ನಿಗೆ ಬರುತ್ತೆ, ಆ 24 ಕಿಲೋಮೀಟರ್ ಗೊತ್ತೇ ಆಗಲ್ಲ.