ಕಪ್ಪು ಮರಿ ಬೆಳ್ಳಗಾಗುತ್ತಿದೆ, ಕಾಯಿಲೆನಾ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಸಿಂಧನೂರು. ಮದುವೆ ಮೆರವಣಿಗೆಗೆ ಕಳಿಸುವ ಬಿಳಿ ಹೆಣ್ಣುಕುದುರೆ ಇದೆ. ಅದರ ಮರಿ ಹುಟ್ಟಿದಾಗ ಕಪ್ಪಗಿತ್ತು. ಈಗ ಎರಡು ವರ್ಷ, ಕಣ್ಣಿನ ಸುತ್ತ, ಮುಖದ ಮೇಲೆ ಬಿಳಿ ಕೂದಲು ಬರುತ್ತಿದೆ. ಏನಾದರೂ ಕಾಯಿಲೆ ಇರಬಹುದಾ? ಇನ್ನೊಂದು, ತಾಯಿ ಕುದುರೆ ಮೆರವಣಿಗೆಯಲ್ಲಿ ಬೆದರುತ್ತದೆ. ಕೆಂಪು ಬಟ್ಟೆ ಕಂಡರೆ ಹಾಗಾಗುತ್ತದೆ ಅಂತಾರೆ, ನಿಜವೇ?

ಉತ್ತರ: ಮರಿ ಬೆಳ್ಳಗಾಗುವುದು ಕಾಯಿಲೆಯಲ್ಲ. ನಾವು ನೋಡುವ ಬಿಳಿ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಕಪ್ಪು ಇಲ್ಲವೇ ಕಂದು ಬಣ್ಣದವೇ. ನಮ್ಮ ತಲೆ ನರೆಯುವ ಹಾಗೆ ಅವುಗಳ ಮೈಯೆಲ್ಲ ಬೇಗನೆ ನರೆಯುತ್ತದೆ. ಮೊದಲು ಮುಖ, ಆಮೇಲೆ ಮೈ ಬೂದು ಬಣ್ಣಕ್ಕೆ ತಿರುಗಿ, ಆರರಿಂದ ಎಂಟು ವರ್ಷದ ಹೊತ್ತಿಗೆ ಪೂರ್ತಿ ಬೆಳ್ಳಗಾಗುತ್ತದೆ. ಇದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನು 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳ ತಂಡ ಗುರುತಿಸಿತು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿ ಬೆಳ್ಳಗಾಗುತ್ತದೆ.

ತಾಯಿಯ ಮೂತಿ ಮತ್ತು ಕಣ್ಣಿನ ಅಂಚು ನೋಡಿ. ಚರ್ಮ ಕಪ್ಪಗಿದ್ದರೆ ಅದೂ ಹೀಗೇ ಬಣ್ಣ ಕಳೆದುಕೊಂಡದ್ದು. ಗುಲಾಬಿ ಬಣ್ಣದ ಚರ್ಮವಿದ್ದು ಹುಟ್ಟಿನಿಂದಲೇ ಬಿಳಿಯಾಗಿದ್ದರೆ ಅದು ವ್ಯಾಪಾರಿಗಳು ನುಕ್ರಾ ಅನ್ನುವ ಕುದುರೆ. ನಿಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಅಂಥದ್ದರ ಮೂತಿ ಸುಡುತ್ತದೆ. ಮಧ್ಯಾಹ್ನ ನೆರಳಲ್ಲೇ ಕಟ್ಟಬೇಕು.

ಕೂದಲು ಉದುರಿ ಚರ್ಮ ಕಾಣುತ್ತಿದ್ದರೆ, ತುರಿಕೆ, ಹೊಪ್ಪಳೆ ಇದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಿ. ಆದರೆ ತಾಯಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಹೀಗೆ ನರೆಯುವ ಕುದುರೆಗಳಿಗೆ ವಯಸ್ಸಾದಂತೆ ಚರ್ಮದಲ್ಲಿ ಕಪ್ಪು ಗಂಟುಗಳು ಬರುತ್ತವೆ. 15 ವರ್ಷ ದಾಟಿದವುಗಳಲ್ಲಿ ಬಹುಪಾಲಿಗೆ ಬರುತ್ತವೆ. ಮೈ ತೊಳೆಯುವಾಗ ಬಾಲ ಎತ್ತಿ ಅದರ ಅಡಿಭಾಗ, ಗುದದ ಸುತ್ತ, ತುಟಿ, ದವಡೆಯ ಹಿಂಭಾಗ ಮುಟ್ಟಿ ನೋಡಿ. ಗಂಟು ಸಿಕ್ಕರೆ ದಯವಿಟ್ಟು ಬರೆ ಹಾಕಿಸಬೇಡಿ, ಕೊಯ್ಯಿಸಬೇಡಿ. ಇದು ಒಂದು ಬಗೆಯ ಗೆಡ್ಡೆ, ನಿಧಾನಕ್ಕೆ ಬೆಳೆಯುತ್ತದೆ, ಕೆಲವೊಮ್ಮೆ ಒಳಗೂ ಹರಡುತ್ತದೆ. ವೈದ್ಯರೇ ನೋಡಬೇಕು.

ಇನ್ನು ಕೆಂಪು ಬಟ್ಟೆಯ ಮಾತು. ಅದು ಸುಮ್ನೆ ಹೊತ್ತುಕೊಂಡ ಅಪವಾದ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಕುದುರೆಗೆ ಎರಡೇ. ನೀಲಿ, ಹಳದಿ ಅದಕ್ಕೆ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರು ಬೇರೆ ಬೇರೆ ಅಂತ ತಿಳಿಯುವುದು ಕಷ್ಟ. ಸಿಂಧನೂರಿನ ಭತ್ತದ ಗದ್ದೆಯ ನಡುವೆ ಕೆಂಪು ಸೀರೆ ಒಣಗಿಸಿದರೆ ನಮಗೆ ದೂರದಿಂದಲೇ ಎದ್ದು ಕಾಣುತ್ತದೆ ಅಲ್ವಾ? ಕುದುರೆಗೆ ಅಷ್ಟು ಕಾಣದು. ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ ಮೇಲೆ, ರೇಸಿನಲ್ಲಿ ಹಾರುವ ಅಡ್ಡಗಂಬಗಳಿಗೆ ಹಚ್ಚುತ್ತಿದ್ದ ಕಿತ್ತಳೆ ಬಣ್ಣದ ಬದಲು ಬಿಳಿ ಬಳಿಯಲು ಶುರುಮಾಡಿದರು.

ಬೆದರಿಸುವುದು ಬಟ್ಟೆಯ ಬಣ್ಣವಲ್ಲ, ಅದು ಪಟಪಟ ಹಾರಾಡುವುದು. ಮೆರವಣಿಗೆಯಲ್ಲಿ ಡಿಜೆ ಸದ್ದು, ಪಟಾಕಿ, ಮಿನುಗುವ ಲೈಟುಗಳು ಇರುತ್ತವೆ. ಕತ್ತಲ ಓಣಿಯಿಂದ ಝಗ್ ಅನ್ನುವ ಬೆಳಕಿಗೆ ಬಂದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು. ಅಲ್ಲಿ ಸ್ವಲ್ಪ ನಿಲ್ಲಿಸಿ, ಆಮೇಲೆ ಮುಂದೆ ನಡೆಸಿ. ಬಾಲದ ಹಿಂದೆ, ಹಣೆಯ ಮುಂದೆ ತೀರಾ ಹತ್ತಿರ ಇರುವುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಹುಡುಗರನ್ನು ಹಿಂದೆ ಕುಣಿಯಲು ಬಿಡಬೇಡಿ. ಹತ್ತಿರ ಬರುವವರು ಮಾತಾಡಿಸುತ್ತಾ ಭುಜದ ಕಡೆಯಿಂದ ಬರಲಿ. ಬೆನ್ನ ಮೇಲೆ ಹೊದಿಸುವ ಕೆಂಪು ಬಟ್ಟೆಯನ್ನು (ಜೂಲು) ಬದಲಿಸುವ ಅಗತ್ಯವಿಲ್ಲ, ಗಾಳಿಗೆ ಹಾರದಂತೆ ಬಿಗಿಯಾಗಿ ಕಟ್ಟಿದರೆ ಸಾಕು.