ಮಾರಲು ಒಪ್ಪಿಸಿದ ಮನೆ, ಈಗ ಬಿಡಲಾರದ ಮನಸ್ಸು

ಪ್ರಶ್ನೆ: ನನಗೆ 63 ವರ್ಷ. ಯಜಮಾನರು ತೀರಿಕೊಂಡ ಮೇಲೆ, ಮೈಸೂರಿನ ಕುವೆಂಪುನಗರದಲ್ಲಿ ನನ್ನ ಹೆಸರಿನಲ್ಲಿರುವ ಮನೆಯನ್ನು ಮಾರಿ ಬೆಂಗಳೂರಿನ ಮಗನ ಬಳಿಗೆ ಹೋಗುವುದೆಂದು ತೀರ್ಮಾನಿಸಿದೆ. ಎರಡು ತಿಂಗಳ ಹಿಂದೆ ಏಜೆಂಟರೊಬ್ಬರಿಗೆ ಆರು ತಿಂಗಳ ಕರಾರು ಬರೆದುಕೊಟ್ಟೆ. ಅವರ ಮೂಲಕವೇ ಮಾರಬೇಕು, ಕಮಿಷನ್ ಶೇ 2, ನಡುವೆ ಹಿಂದೆ ಸರಿದರೆ ಒಂದು ಲಕ್ಷ ರೂಪಾಯಿ ಎಂದು ಅದರಲ್ಲಿದೆ. ಈಗ ಮನೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಆತ ನಮ್ಮವರ ಸ್ನೇಹಿತರ ಮಗ. ಹೇಳಲು ಸಂಕೋಚವಾಗಿ ಅವನ ಫೋನ್ ತೆಗೆಯುವುದನ್ನೇ ಬಿಟ್ಟಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಅಮ್ಮಾ, ಮೊದಲು ಅವರ ಫೋನ್ ತೆಗೆದುಕೊಳ್ಳಿ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಕರಾರಲ್ಲ, ಈ ಮೌನ. ಏಜೆಂಟರಿಗೆ ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆದದ್ದು ಅವರಿಗೆ ತಿಳಿದ ಮೇಲೆಯೇ ಜಾರಿಗೆ ಬರುತ್ತದೆ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆ. ನೀವು ಮನಸ್ಸಿನಲ್ಲಿ ಎಷ್ಟೇ ಗಟ್ಟಿಯಾಗಿ ಬೇಡವೆಂದುಕೊಂಡಿದ್ದರೂ ಆ ಹುಡುಗನ ಲೆಕ್ಕದಲ್ಲಿ ಮನೆ ಇನ್ನೂ ಮಾರಾಟಕ್ಕಿದೆ, ಅವರು ಇನ್ನೂ ಜನರನ್ನು ಹುಡುಕುತ್ತಿದ್ದಾರೆ.

ನಿಮ್ಮ ಮನೆಯನ್ನು ಮಾರಲೇಬೇಕೆಂದು ಅವರು ಒತ್ತಾಯಿಸಲಾರರು. ಕೊಳ್ಳುವವರೊಡನೆ ನಿಮ್ಮನ್ನು ಬದ್ಧಗೊಳಿಸುವಂಥ ವ್ಯವಹಾರ ನಡೆಯುವ ಮುನ್ನ ಅಧಿಕಾರವನ್ನು ಹಿಂಪಡೆಯಲು ಅದೇ ಕಾಯ್ದೆಯ 203ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಅವಧಿ ಗೊತ್ತುಮಾಡಿದ ಕರಾರನ್ನು ಸಾಕಷ್ಟು ಕಾರಣವಿಲ್ಲದೆ ಮುರಿದರೆ ಪರಿಹಾರ ಕೊಡಬೇಕಾಗುತ್ತದೆ. ಮನಸ್ಸು ಬದಲಾಯಿತೆಂಬುದನ್ನು ಅಂಥ ಕಾರಣವೆಂದು ಒಪ್ಪಿಸುವುದು ಕಷ್ಟ. ಹಾಗೆಂದು ಕಾಗದದಲ್ಲಿರುವ ಒಂದು ಲಕ್ಷವನ್ನು ಕಂಡು ಕಂಗೆಡಬೇಡಿ. 74ನೇ ಸೆಕ್ಷನ್ನಿನ ಪ್ರಕಾರ ಅದು ಪರಿಹಾರದ ಮೇಲ್ಮಿತಿ; ಅದರೊಳಗೆ ನ್ಯಾಯವೆನಿಸುವಷ್ಟು ಮೊತ್ತವೇ ಸಲ್ಲಬೇಕಾದದ್ದು. ಇಂಥ ಕಡೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ನೆರವಿಗೆ ಬರುತ್ತದೆಂದು ಹಲವರು ನಂಬಿದ್ದಾರೆ. ಆ ಕಾನೂನು ಏಜೆಂಟರ ನೋಂದಣಿ ಕೇಳುವುದು ಬಿಲ್ಡರುಗಳ ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ನಿಮ್ಮ ಹಳೆಯ ಮನೆಗೆ ಅದು ಅನ್ವಯಿಸದು.

ನೀವು ಬರೆಯದಿರುವ ಒಂದು ಸಂಗತಿಯ ಮೇಲೆ ಎಲ್ಲವೂ ನಿಂತಿದೆ: ಯಾರಿಂದಲಾದರೂ ಟೋಕನ್ ಅಡ್ವಾನ್ಸ್ ಪಡೆದು ಕ್ರಯದ ಕರಾರಿಗೆ ಸಹಿ ಹಾಕಿದ್ದೀರಾ? ಹಾಕಿದ್ದರೆ, ಕೊಂಡವರು ಹಣವನ್ನಷ್ಟೇ ಅಲ್ಲ, ಮನೆಯನ್ನೇ ಬರೆದುಕೊಡುವಂತೆ ನ್ಯಾಯಾಲಯಕ್ಕೆ ಹೋಗಬಲ್ಲರು. ಆಗ ನನ್ನ ಸಲಹೆ ಸಾಲದು, ಅದೇ ದಿನ ವಕೀಲರನ್ನು ಕಾಣಿ. ಏಜೆಂಟರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟಿದ್ದರೂ ಅಷ್ಟೇ. ಅದು ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೇ ರದ್ದತಿ ಪತ್ರ ಮಾಡಿಸಬೇಕು. ಎರಡೂ ಇಲ್ಲವಾದರೆ ಉಳಿದದ್ದು ನಿಮ್ಮಿಬ್ಬರ ನಡುವಿನ ಮಾತು.

ಅವರನ್ನು ಮನೆಗೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೆಲೆ ಸಾಲದು, ಮಗ ಒಪ್ಪುತ್ತಿಲ್ಲ ಎಂಬ ನೆಪಗಳನ್ನು ದಯವಿಟ್ಟು ಹೂಡಬೇಡಿ. ಬೆಲೆಯ ನೆಪ ಹೇಳಿದರೆ ಅವರು ಹೆಚ್ಚು ಕೊಡುವವರನ್ನು ಕರೆತರುತ್ತಾರೆ, ನೀವು ಮತ್ತೊಂದು ಸುಳ್ಳಿಗೆ ಹುಡುಕಬೇಕಾಗುತ್ತದೆ. ಎರಡು ತಿಂಗಳು ಓಡಾಡಿ, ಜಾಹೀರಾತಿಗೆ ಕೈಯಿಂದ ಹಣ ಹಾಕಿರುವ ವ್ಯಕ್ತಿ ಅವರು. ಖರ್ಚಿನ ಲೆಕ್ಕವನ್ನು ನೀವೇ ಮೊದಲು ಕೇಳಿ, ಅದರ ಮೇಲೆ ಅವರ ಶ್ರಮಕ್ಕೂ ಏನಾದರೂ ಸೇರಿಸಿ ಕೊಡಿ. ಚೌಕಾಸಿಗಿಂತ ಇದೇ ನಿಮಗೆ ಒಪ್ಪುವ ದಾರಿಯೆಂದು ನನಗನ್ನಿಸುತ್ತದೆ. ಮುಂದೆ ಎಂದಾದರೂ ಅವರು ತೋರಿಸಿದ ಗಿರಾಕಿಗೇ ಮನೆ ಮಾರಿದರೆ ಕಮಿಷನ್ ಅವರಿಗೆ ಸಲ್ಲಬೇಕು. ಅದನ್ನೂ ನೀವೇ ಹೇಳಿ.

ಮಾತು ಮುಗಿದ ಮೇಲೆ, ಕರಾರು ಇಂದಿಗೆ ಕೊನೆಗೊಂಡಿದೆ, ಇಷ್ಟು ಹಣ ಸಂದಿದೆ, ಇನ್ನಾವ ಬಾಕಿಯೂ ಇಲ್ಲ ಎಂದು ಬರೆದು ಇಬ್ಬರೂ ಸಹಿ ಹಾಕಿ. ಅವರು ಒಪ್ಪದಿದ್ದರೆ ಅಧಿಕಾರ ಹಿಂಪಡೆದಿರುವ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ. ಮೂಲ ಕ್ರಯಪತ್ರ, ಖಾತೆಯ ಕಾಗದ, ಕೀಲಿಕೈ ಅವರ ಬಳಿಯಿದ್ದರೆ ಹಿಂದಕ್ಕೆ ಪಡೆಯಿರಿ. ಗೇಟಿನ ಬೋರ್ಡನ್ನೂ ಜಾಹೀರಾತನ್ನೂ ತೆಗೆಸಿ.

ಮಗನಿಗೆ ಈ ವಿಷಯ ಹೇಳಿದ ಹಾಗೆ ಕಾಣಲಿಲ್ಲ. ಏಜೆಂಟರನ್ನು ಕರೆಯುವ ಹಿಂದಿನ ದಿನವೇ ಅವನಿಗೆ ತಿಳಿಸಿಬಿಡಿ.