ಗ್ಯಾರೇಜ್ ಪ್ರಶ್ನೋತ್ತರ: ಹಳೆಯ ಮಸಲ್ ಕಾರಿಗೆ ಹೊಸ ವೀಲ್

ಪ್ರಶ್ನೆ: ನನ್ನ ಬಳಿ 1967ರ ಫೋರ್ಡ್ ಮಸ್ಟ್ಯಾಂಗ್ ಇದೆ, 289 ವಿ8 ಎಂಜಿನ್ನಿನದು. ಈಗ 14 ಇಂಚಿನ ಸ್ಟೀಲ್ ವೀಲ್‌ಗಳಿವೆ. ಹೊಸ ಕಾಲದ ಮಸ್ಟ್ಯಾಂಗ್‌ನಿಂದ ಬಿಚ್ಚಿದ 17×8 (17 ಇಂಚು ವ್ಯಾಸ, 8 ಇಂಚು ಅಗಲ) ಅಲಾಯ್ ವೀಲ್‌ಗಳು ಅಗ್ಗಕ್ಕೆ ಸಿಗುತ್ತಿವೆ. ಐದು ಸ್ಟಡ್ (ವೀಲ್ ಹಿಡಿದಿಡುವ ಬೋಲ್ಟ್), ಅವು ನಿಂತಿರುವ ವೃತ್ತ 114.3 ಮಿ.ಮೀ., ನನ್ನ ಕಾರಿನದೂ ಅದೇ. ಹಿಂಬದಿಯಲ್ಲಿ ಆಫ್‌ಸೆಟ್ 45 ಎಂದು ಅಚ್ಚಾಗಿದೆ. ಕೊಳ್ಳಬಹುದೆ?
— ಓದುಗರೊಬ್ಬರು, ಟ್ರಾಯ್, ಮಿಷಿಗನ್

ಉತ್ತರ: ಬೇಡ. ಸ್ಟಡ್‌ಗಳ ಮೇಲೆ ಅವು ಸಲೀಸಾಗಿ ಕೂರುತ್ತವೆ. ಜನ ಮೋಸಹೋಗುವುದು ಅಲ್ಲೇ. ತೊಂದರೆ ಇರುವುದು ವೀಲ್ ಎಷ್ಟು ಒಳಗೆ ಹೋಗುತ್ತದೆ ಎನ್ನುವುದರಲ್ಲಿ.

ಲೆಕ್ಕ ಹಾಕಿ ನೋಡಿ. 8 ಇಂಚಿನ ವೀಲ್ ಅಂದರೆ ಟೈರ್ ಕೂರುವ ಜಾಗದ ಅಗಲ 8 ಇಂಚು. ಎರಡೂ ಅಂಚು ಸೇರಿದರೆ ಸುಮಾರು 9 ಇಂಚು, ಅದರ ನಡುಮಧ್ಯ 4.5. ಆಫ್‌ಸೆಟ್ ಎಂದರೆ ಈ ನಡುಮಧ್ಯದಿಂದ ಹಬ್‌ಗೆ (ವೀಲ್ ಬಿಗಿಯುವ ಕಾರಿನ ಭಾಗಕ್ಕೆ) ತಾಗುವ ಮುಖದವರೆಗಿನ ದೂರ; ಇಲ್ಲಿ 45 ಮಿ.ಮೀ., ಅಂದರೆ 1.77 ಇಂಚು. ಎರಡನ್ನೂ ಕೂಡಿಸಿದರೆ ಬ್ಯಾಕ್‌ಸ್ಪೇಸಿಂಗ್, ಅಂದರೆ ಹಬ್‌ಗೆ ತಾಗುವ ಮುಖದಿಂದ ಒಳ ಅಂಚಿನವರೆಗಿನ ದೂರ, ಹತ್ತಿರ ಹತ್ತಿರ 6.3 ಇಂಚು ಬರುತ್ತದೆ. ನಿಮ್ಮ ಕಾರಿಗೆ 8 ಇಂಚಿನ ವೀಲ್ ಹಾಕುವವರು ಸಾಮಾನ್ಯವಾಗಿ ನೆಚ್ಚುವುದು 4.75 ಇಂಚನ್ನು. ಅಂದರೆ ಈ ವೀಲ್ ಒಂದೂವರೆ ಇಂಚು ಹೆಚ್ಚು ಒಳಗೆ ಹೋಗುತ್ತದೆ. ಹಿಂದೆ ಟೈರ್ ಲೀಫ್ ಸ್ಪ್ರಿಂಗ್‌ಗೆ ಉಜ್ಜುತ್ತದೆ, ಮುಂದೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಸಸ್ಪೆನ್ಷನ್ ಭಾಗಗಳಿಗೆ ತಾಗುತ್ತದೆ.

ಹಬ್‌ಗೂ ವೀಲ್‌ಗೂ ನಡುವೆ ಒಂದೂವರೆ ಇಂಚು ದಪ್ಪದ ಅಡಾಪ್ಟರ್ ಹಾಕಿದರಾಯಿತು ಎಂದು ಮಾರುವವರು ಹೇಳಬಹುದು. ಹಾಗೆ ಮಾಡಿದರೆ ಅಡಾಪ್ಟರನ್ನು ಹಬ್‌ಗೆ ಹಿಡಿದಿರುವ ನಟ್‌ಗಳು ವೀಲ್‌ನ ಹಿಂದೆ ಅಡಗಿಬಿಡುತ್ತವೆ. ಅವು ಸಡಿಲವಾದರೂ ವೀಲ್ ಬಿಚ್ಚುವವರೆಗೆ ನಿಮಗೆ ಕಾಣುವುದಿಲ್ಲ. ಆ ಹಣವನ್ನು ಸರಿಯಾದ ವೀಲ್‌ಗೇ ಹಾಕಿ.

ಇನ್ನು 4.75 ಎಂಬ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಹಿಂದಿನ ಆಕ್ಸಲ್ ಕಾಲು ಇಂಚು ಒಂದು ಬದಿಗೆ ಸರಿದಿರುವುದು ಅಪರೂಪವಲ್ಲ. ಹಿಂದೆಂದೋ ಗುದ್ದಿಸಿಕೊಂಡು ರಿಪೇರಿಯಾದ ಮಡ್‌ಗಾರ್ಡ್ ಇನ್ನೂ ಹೆಚ್ಚು ವಾಲಿರಬಹುದು. ಆದ್ದರಿಂದ ಎಡ, ಬಲ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಕಾರಿನ ಚೌಕಟ್ಟಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ಎತ್ತಿದರೆ ಆಕ್ಸಲ್ ಜೋತುಬೀಳುತ್ತದೆ, ಅಳತೆ ತಪ್ಪುತ್ತದೆ. ಸ್ಟ್ಯಾಂಡನ್ನು ಆಕ್ಸಲ್‌ನ ಕೆಳಗೇ ಇಡಿ, ಕಾರಿನ ಭಾರ ಸ್ಪ್ರಿಂಗ್‌ಗಳ ಮೇಲೆ ಇರಲಿ. ವೀಲ್ ಬಿಚ್ಚಿ, ಬ್ರೇಕ್ ಡ್ರಮ್‌ನ ಮುಖಕ್ಕೆ ನೇರವಾದ ಪಟ್ಟಿ ಒತ್ತಿಹಿಡಿದು, ಅಲ್ಲಿಂದ ಒಳಗೆ ಲೀಫ್ ಸ್ಪ್ರಿಂಗ್‌ವರೆಗೆ, ಹೊರಗೆ ಮಡ್‌ಗಾರ್ಡ್‌ನ ಒಳಮಡಿಕೆಯವರೆಗೆ ಎಷ್ಟಿದೆ ಬರೆದುಕೊಳ್ಳಿ. ಒಳಬದಿಗೆ ಅರ್ಧ ಇಂಚು, ಹೊರಬದಿಗೆ ಮುಕ್ಕಾಲು ಇಂಚು ಖಾಲಿ ಬಿಡಿ.

ಈ ಅಳತೆಗೆ ಹೋಲಿಸಬೇಕಾದದ್ದು ಟೈರನ್ನು, ವೀಲನ್ನಲ್ಲ. 245/45 ಆರ್17 ಟೈರ್‌ನ ಅಗಲ 9.65 ಇಂಚು, ವೀಲ್‌ನ ಅಂಚಿಗಿಂತ ಎರಡೂ ಕಡೆ ಮೂರನೇ ಒಂದು ಇಂಚಿನಷ್ಟು ಉಬ್ಬಿರುತ್ತದೆ. ಹಾಗಾಗಿ 4.75 ಬ್ಯಾಕ್‌ಸ್ಪೇಸಿಂಗ್‌ನ ವೀಲ್‌ಗೆ ಹಾಕಿದಾಗ ಅದು ಒಳಗೆ 5.1, ಹೊರಗೆ 4.6 ಇಂಚು ಜಾಗ ಕೇಳುತ್ತದೆ. ಮುಂದಿನ ಚಕ್ರಕ್ಕೆ ಇಷ್ಟೇ ಸಾಲದು. ಸಸ್ಪೆನ್ಷನ್ ಪೂರ್ತಿ ಮೇಲಕ್ಕೆ ಒತ್ತಿದಾಗ, ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿದಾಗ ಏನು ತಾಗುತ್ತದೆ ಎಂದು ನೋಡಬೇಕು. ಮುಂದೆ 7 ಇಂಚು ಅಗಲದ ವೀಲನ್ನೇ ಇಟ್ಟುಕೊಂಡರೆ ನೆಮ್ಮದಿ ಹೆಚ್ಚು.

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ಮಗ 1969ರ ಶೆವ್ರೊಲೆ ಕಮಾರೊ ಕೊಂಡಿದ್ದಾನೆ. ಹೊಸ ಅಲ್ಯೂಮಿನಿಯಂ ವೀಲ್ ಹಾಕಿಸಿ ಎರಡು ವಾರಕ್ಕೇ ನಟ್‌ಗಳು ಸಡಿಲವಾದವಂತೆ. ವೀಲ್‌ನಲ್ಲೇ ದೋಷವಿದೆಯೆ?
— ಓದುಗರೊಬ್ಬರು, ಮೈಸೂರು

ಉತ್ತರ: ವೀಲ್‌ಗಿಂತ ಮೊದಲು ನಟ್‌ ಕಡೆ ನೋಡಲು ಹೇಳಿ, ಅದೂ ಕಾರನ್ನು ಮತ್ತೆ ರಸ್ತೆಗಿಳಿಸುವ ಮುನ್ನ. ಹಳೆಯ ಸ್ಟೀಲ್ ವೀಲ್‌ನ ನಟ್‌ಗೆ 60 ಡಿಗ್ರಿಯ ಶಂಕುವಿನಾಕಾರದ ಬುಡ ಇರುತ್ತದೆ. ಕೆಲವು ಅಲ್ಯೂಮಿನಿಯಂ ವೀಲ್‌ಗಳಿಗೂ ಅದೇ ಬೇಕು. ಇನ್ನು ಕೆಲವಕ್ಕೆ ನೇರ ಕತ್ತು, ಚಪ್ಪಟೆ ವಾಷರ್ ಇರುವ ನಟ್ ಬೇಕು. ಕ್ರೇಗರ್ ಎಸ್‌ಎಸ್ ಮಾದರಿಯ ಎಷ್ಟೋ ವೀಲ್‌ಗಳಲ್ಲಿ ರಂಧ್ರ ಉದ್ದನೆಯದಾಗಿದ್ದು, ಅದಕ್ಕೆಂದೇ ಮಾಡಿದ ವಾಷರ್ ಬರುತ್ತದೆ. ಒಂದರ ನಟ್ ಇನ್ನೊಂದಕ್ಕೆ ಹಾಕಿದರೆ ತೆಳ್ಳಗಿನ ಅಂಚಿನ ಮೇಲಷ್ಟೇ ಹಿಡಿತ ಸಿಗುತ್ತದೆ. ಅಲ್ಯೂಮಿನಿಯಂ ಅಲ್ಲಿ ಜಜ್ಜಿಹೋಗಿ ಬಿಗಿ ಇಳಿಯುತ್ತದೆ. ರಂಧ್ರದ ಅಂಚು ಈಗಾಗಲೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ವೀಲನ್ನು ಮತ್ತೆ ಹಾಕಬಾರದು.

ಎರಡನೆಯದು ಸ್ಟಡ್‌ನ ಉದ್ದ. ಕಮಾರೊಗೆ 7/16 ಇಂಚಿನ, ಇಂಚಿಗೆ 20 ಎಳೆಯ ಸ್ಟಡ್ ಇರುತ್ತದೆ. ಅಲ್ಯೂಮಿನಿಯಂ ವೀಲ್ ಸ್ಟೀಲ್‌ಗಿಂತ ದಪ್ಪ, ಹಾಗಾಗಿ ಹಳೆಯ ಸ್ಟಡ್ ಗಿಡ್ಡವಾಗಬಹುದು. ಕೈಯಲ್ಲಿ ನಟ್ ತಿರುಗಿಸುತ್ತ ಎಣಿಸಲಿ. ಬುಡ ತಾಗುವ ಹೊತ್ತಿಗೆ ಪೂರ್ತಿ ಒಂಬತ್ತು ಸುತ್ತು ಹಿಡಿದಿರಬೇಕು, ಕಡಿಮೆಯಾದರೆ ಉದ್ದದ ಸ್ಟಡ್ ಹೊಡೆಸಬೇಕು. ಡ್ರಮ್‌ನ ಮುಖದಲ್ಲಿ ತುಕ್ಕು, ದಪ್ಪ ಪೇಂಟ್ ಇದ್ದರೆ ಕೆರೆದು ತೆಗೆಯಲಿ. ಓಡಾಡುತ್ತ ಅದು ಪುಡಿಯಾದಂತೆ ನಟ್ ತಾನೇ ಸಡಿಲವಾಗುತ್ತದೆ.

ಬಿಗಿಯುವಾಗ ಇಂಪ್ಯಾಕ್ಟ್ ಗನ್ ಬೇಡವೇ ಬೇಡ. ವೀಲ್ ಗಾಳಿಯಲ್ಲಿರುವಾಗಲೇ ನಕ್ಷತ್ರದ ಗೆರೆ ಎಳೆದಂತೆ ಒಂದು ಬಿಟ್ಟು ಒಂದನ್ನು ಕೈಯಲ್ಲಿ ಬಿಗಿದು, ನೆಲಕ್ಕಿಳಿಸಿ, ಟಾರ್ಕ್ ರೆಂಚ್‌ನಲ್ಲಿ ಎರಡು ಹಂತವಾಗಿ 70ರಿಂದ 75 ಅಡಿ-ಪೌಂಡ್‌ಗೆ ತರಬೇಕು. ವೀಲ್ ಮಾಡಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. 50 ಮೈಲಿ ಓಡಿಸಿದ ಮೇಲೆ, ವೀಲ್ ತಣ್ಣಗಿದ್ದಾಗ, ಇನ್ನೊಮ್ಮೆ ಪರೀಕ್ಷಿಸಲಿ. ಈ ಎರಡನೇ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು.

ಪ್ರಶ್ನೆ: ಹಳೆಯ ಕಾರಿಗೆ 15, 17, 20 ಇಂಚಿನ ವೀಲ್‌ಗಳಲ್ಲಿ ಯಾವುದು ಸರಿ?
— ಓದುಗರೊಬ್ಬರು, ಸ್ಯಾನ್ ಹೊಸೆ

ಉತ್ತರ: ಬ್ರೇಕ್ ನೋಡಿ ನಿರ್ಧರಿಸಿ. 11 ಇಂಚಿನ ಡಿಸ್ಕ್ ಬಹುತೇಕ 15 ಇಂಚಿನ ವೀಲ್ ಒಳಗೆ ಹಿಡಿಯುತ್ತದೆ, 13 ಇಂಚಿನದಕ್ಕೆ 17 ಬೇಕೇ ಬೇಕು. ವ್ಯಾಸದ ಜೊತೆ ವೀಲ್‌ನ ಅರೆಕಾಲುಗಳ (ಸ್ಪೋಕ್‌ಗಳ) ಆಕಾರವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕನ್ ರೇಸಿಂಗ್‌ನವರ ಟಾರ್ಕ್ ಥ್ರಸ್ಟ್ ಡಿ ಹುಟ್ಟಿದ್ದೇ ಡಿಸ್ಕ್ ಬ್ರೇಕ್‌ನ ಕ್ಯಾಲಿಪರ್‌ಗೆ, ಅಂದರೆ ಡಿಸ್ಕನ್ನು ಅದುಮಿ ಹಿಡಿಯುವ ಭಾಗಕ್ಕೆ, ಜಾಗ ಕೊಡಲು.

ಮೂಲ ಬ್ರೇಕ್ ಇದ್ದು ಕಾರು ಕಾರ್ಖಾನೆಯಿಂದ ಬಂದಂತೆ ಕಾಣಬೇಕು ಎನ್ನುವುದಾದರೆ 15×7 ವೀಲ್, 235/60 ಆರ್15 ಟೈರ್. ವೇಗವಾಗಿ ತಿರುವು ತೆಗೆಯುವ ಆಸೆ ಇದ್ದರೆ 17, ಏಕೆಂದರೆ ಒಳ್ಳೆಯ ಹಿಡಿತದ ಟೈರ್‌ಗಳು 15ರಲ್ಲಿ ಈಗ ಬೆರಳೆಣಿಕೆಯಷ್ಟೇ. 235/60 ಆರ್15ರ ಎತ್ತರ 26.1 ಇಂಚು, 245/45 ಆರ್17ರದು 25.7; ಸ್ಪೀಡೋಮೀಟರ್ ಹೆಚ್ಚೇನೂ ಕೆಡುವುದಿಲ್ಲ. 20 ಇಂಚು ನಮಗೆ ಒಪ್ಪಿಗೆಯಿಲ್ಲ. ಅದೇ ಎತ್ತರ ಉಳಿಸಿಕೊಂಡರೆ ಟೈರ್‌ನ ಪಕ್ಕೆ ಮೂರು ಇಂಚಷ್ಟೇ ಉಳಿಯುತ್ತದೆ, ಗುಂಡಿಗೆ ಬಿದ್ದ ಏಟು ನೇರ ರಿಮ್‌ಗೂ ಸಸ್ಪೆನ್ಷನ್‌ಗೂ ಹೋಗುತ್ತದೆ.

ಪ್ರಶ್ನೆ: 1968ರ ಡಾಜ್ ಡಾರ್ಟ್‌ಗೆ ಇಷ್ಟವಾದ ಯಾವ ವೀಲೂ ಕೂರುತ್ತಿಲ್ಲ. ಎಡಬದಿಯ ನಟ್‌ಗಳೂ ಬಿಚ್ಚುತ್ತಿಲ್ಲ.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಎಡಬದಿಯ ಸ್ಟಡ್‌ಗಳಿಗೆ ಎಡಮರೆ (ಉಲ್ಟಾ ಸುತ್ತಿನ ಎಳೆ) ಇದೆ, ಸ್ಪ್ಯಾನರನ್ನು ಗಡಿಯಾರದ ಮುಳ್ಳು ಸಾಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ. ಒತ್ತಾಯ ಮಾಡಿದರೆ ಸ್ಟಡ್ ಮುರಿಯುತ್ತದೆ. ವೀಲ್ ಕೂರದಿರಲು ಕಾರಣ ಸ್ಟಡ್ ವೃತ್ತ: ನಿಮ್ಮದು 4 ಇಂಚಿನದು, ಮಾರುಕಟ್ಟೆಯಲ್ಲಿ ಹೇರಳವಾಗಿರುವುದು 4.5 ಇಂಚಿನದು. ಮುಂದೆ 1973ರ ನಂತರದ ಡಾರ್ಟ್‌ನ ಡಿಸ್ಕ್ ಬ್ರೇಕ್ ಜೋಡಣೆ, ಹಿಂದೆ 4.5 ಇಂಚಿನ ವೃತ್ತದ ಆಕ್ಸಲ್ ಹಾಕಿಸಿದರೆ ಆಯ್ಕೆ ವಿಸ್ತಾರವಾಗುತ್ತದೆ, ಬ್ರೇಕೂ ಸುಧಾರಿಸುತ್ತದೆ. ವೀಲ್ ಕೊಳ್ಳುವುದು ಈ ಕೆಲಸ ಮುಗಿದು, ಹೊಸದಾಗಿ ಅಳೆದ ಮೇಲೆ. ಡಿಸ್ಕ್ ಜೋಡಣೆ ಬಂದರೆ ಮುಂದಿನ ವೀಲ್ ಹೊರಗೆ ಸರಿಯುವ ಸಾಧ್ಯತೆ ಇದೆ, ಹಳೆಯ ಅಳತೆ ಆಗ ಉಪಯೋಗಕ್ಕೆ ಬಾರದು.